ಗೋಲ್ಡ್‌ಫಿಶ್ ಜಡ್ಡು ಬಿದ್ದಾಗ: ಉಪ್ಪೋ, ನೀಲಿ ಮದ್ದೋ, ಬರೀ ನೀರೋ?

ರಾಯಚೂರಿನಲ್ಲಿ ಮೀನು ಸಾಕಿದವರಿಗೆ ವರ್ಷದಲ್ಲಿ ಎರಡು ಕಾಲ ಕಷ್ಟದವು. ಏಪ್ರಿಲ್‌–ಮೇನಲ್ಲಿ ಟ್ಯಾಂಕಿನ ನೀರು ಬೆಚ್ಚಗಾಗಿ ಮೀನು ಮೇಲೆ ಬಂದು ಬಾಯಿ ಬಡಿಯುತ್ತದೆ. ಮಳೆ ಹಿಡಿದ ಮೇಲೆ ನಳದಲ್ಲಿ ಕೆಂಪು ನೀರು ಬಂದು ಇನ್ನೊಂದು ಸುತ್ತು ಶುರುವಾಗುತ್ತದೆ. ಎರಡೂ ಕಾಲದಲ್ಲಿ ಜನ ಮಾಡುವುದು ಒಂದೇ ಕೆಲಸ. ಅಂಗಡಿಗೆ ಹೋಗಿ ‘ಮೀನು ಯಾಕೋ ಸುಮ್ಮನ ಕುಂತದ’ ಅನ್ನುತ್ತಾರೆ. ಅಂಗಡಿಯವರು ನೀಲಿ ಬಾಟಲಿಯನ್ನೋ ಹಳದಿ ಪುಡಿಯನ್ನೋ ಕೈಗಿಟ್ಟು, ‘ಇದು ಹಾಕ್ರಿ, ಬೆಳಗಾಗೋದ್ರೊಳಗ ಅರಾಮಾಗ್ತದ’ ಅನ್ನುತ್ತಾರೆ. ಬೆಳಗಾಗುವುದರೊಳಗೆ ಮೀನು ಸತ್ತಿದ್ದರೆ ಅದಕ್ಕೂ ಮಾತು ತಯಾರಿರುತ್ತದೆ: ಮನೆಗೆ ಬರುವ ಕೆಟ್ಟದ್ದನ್ನು ಮೀನು ತಗೊಂಡು ಹೋಯ್ತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬಿಸಿಲಿಗೆ, ನಮ್ಮ ನೀರಿಗೆ, ಮದ್ದಿನ ಬಾಟಲಿ ಮೂರನೇ ಆಯ್ಕೆ. ಮೊದಲನೆಯದು ನೀರು ಮತ್ತು ಗಾಳಿ, ಎರಡನೆಯದು ಅಡುಗೆಮನೆಯ ಕಲ್ಲುಪ್ಪು. ಈ ಕ್ರಮ ಯಾಕೆ, ಯಾವಾಗ ಇದನ್ನು ಮುರಿಯಬೇಕು, ಒಂದೊಂದು ಹಂತದಲ್ಲೂ ಎದುರಾಗುವ ಆಯ್ಕೆಗಳಲ್ಲಿ ಯಾವುದನ್ನು ಹಿಡಿಯಬೇಕು ಅನ್ನುವುದು ಮುಂದಿದೆ.

ನೀರಿನ ದೋಷವೋ, ರೋಗವೋ?

ಇದನ್ನು ತಿಳಿಯಲು ಡಾಕ್ಟರೇ ಬೇಕಿಲ್ಲ, ಐದು ನಿಮಿಷ ಟ್ಯಾಂಕಿನ ಮುಂದೆ ಕೂತರೆ ಸಾಕು. ಎಲ್ಲ ಮೀನೂ ಒಟ್ಟಿಗೆ, ಕೆಲವೇ ಗಂಟೆಗಳಲ್ಲಿ ಕೆಟ್ಟಿದ್ದರೆ ತಪ್ಪು ನೀರಿನದು, ಇಲ್ಲವೇ ನೀರಿಗೆ ಏನೋ ವಿಷ ಬಿದ್ದಿದೆ. ಒಂದೇ ಮೀನು ದಿನದಿಂದ ದಿನಕ್ಕೆ ಸೊರಗುತ್ತಿದ್ದು ಉಳಿದವು ಓಡಾಡಿಕೊಂಡಿದ್ದರೆ ರೋಗದ ಅನುಮಾನಕ್ಕೆ ಜಾಗವಿದೆ. ಮೇಲೆ ಬಂದು ಬಾಯಿ ಬಡಿಯುವುದು, ಪಂಪಿನ ಗುಳ್ಳೆ ಏಳುವ ಕಡೆಯೇ ಗುಂಪಾಗುವುದು ಆಮ್ಲಜನಕದ ಕೊರತೆಗೋ ಕಿವಿರಿನ ತೊಂದರೆಗೋ ಗುರುತು. ಕಿವಿರು, ರೆಕ್ಕೆಯ ಬುಡ ಕೆಂಪಾಗಿದ್ದರೆ ಮೀನಿನ ಹೊಲಸಿನಿಂದ ನೀರಿಗೆ ಸೇರುವ ಅಮೋನಿಯಾ ಸುಟ್ಟಿರಬಹುದು. ಬಂಗಾರದ ಮೈಮೇಲೆ ಇದ್ದಕ್ಕಿದ್ದಂತೆ ಕಪ್ಪು ಮಚ್ಚೆ ಬಂದರೆ ಹೆಚ್ಚಿನವರು ಹೌಹಾರುತ್ತಾರೆ. ಅದು ಬಹಳ ಸಲ ಸುಟ್ಟ ಚರ್ಮ ಮಾಯುತ್ತಿರುವ ಗುರುತು. ನೀರು ಸರಿಯಿದ್ದರೆ ತಾನೇ ಹೋಗುತ್ತದೆ.

ವಿಷದ ವಿಷಯ ನಮ್ಮ ಕಡೆ ವಿಶೇಷವಾಗಿ ಹೇಳಬೇಕು. ಹತ್ತಿ, ಭತ್ತ, ಮೆಣಸಿನಕಾಯಿ ಹೊಲಕ್ಕೆ ಹೊಡೆಯುವ ಸೈಪರ್‌ಮೆಥ್ರಿನ್‌ನಂಥ ಔಷಧಗಳು, ಮನೆಯಲ್ಲಿ ಸೊಳ್ಳೆಗೆ, ಜಿರಳೆಗೆ ಹೊಡೆಯುವ ಸ್ಪ್ರೇಗಳು ಹೆಚ್ಚಾಗಿ ಒಂದೇ ಜಾತಿಯವು. ಮನುಷ್ಯನಿಗೆ ಅಷ್ಟೇನೂ ಅನ್ನಿಸದ ಪ್ರಮಾಣ ಮೀನಿಗೆ ಪ್ರಾಣಾಂತಿಕ. ಹೊಲದಲ್ಲಿ ಎಣ್ಣಿ ಹೊಡೆದು ಬಂದ ಕೈಯಲ್ಲಿ ಟ್ಯಾಂಕಿಗೆ ಕೈ ಹಾಕಬಾರದು. ಓಣಿಗೆ ಸೊಳ್ಳೆಯ ಹೊಗೆ ಯಂತ್ರ ಬಂದಾಗ ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಗಾಳಿ ಪಂಪನ್ನು ಅಷ್ಟು ಹೊತ್ತು ಬಂದ್ ಮಾಡಿ. ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತದೆ, ಹೊಗೆಯಿದ್ದರೆ ಹೊಗೆಯನ್ನೂ.

ಇನ್ನೊಂದು ಸುಳ್ಳು ಎಚ್ಚರಿಕೆ ಇದೆ. ಮೊಟ್ಟೆ ಇಡುವ ಕಾಲದಲ್ಲಿ ಗಂಡು ಗೋಲ್ಡ್‌ಫಿಶ್‌ಗೆ ಕಿವಿರಿನ ಮುಚ್ಚಳದ ಮೇಲೆ ಮತ್ತು ಮುಂದಿನ ರೆಕ್ಕೆಯ ಅಂಚಿನಲ್ಲಿ ಸಾಲಾಗಿ ಬಿಳಿ ಚುಕ್ಕೆ ಏಳುತ್ತವೆ. ಇದು ಕಾಯಿಲೆಯಲ್ಲ, ಪ್ರಾಯ. ಬಿಳಿ ಚುಕ್ಕೆ ರೋಗವಾದರೆ ಮೈತುಂಬ, ಬಾಲದ ಮೇಲೂ, ರವೆ ಉದುರಿಸಿದಂತೆ ಕಾಣುತ್ತದೆ. ಮೀನು ಮೈಯನ್ನು ಕಲ್ಲಿಗೆ, ಗಾಜಿಗೆ ಉಜ್ಜುತ್ತದೆ. ಚುಕ್ಕೆ ಎಲ್ಲಿದೆ ಎಂದು ನೋಡದೆ ಮದ್ದು ಸುರಿದು, ಚೆನ್ನಾಗಿದ್ದ ಗಂಡನ್ನು ಸಾಯಿಸಿದ ಮನೆಗಳಿವೆ.

ಯಾವ ನೀರು: ನಳ, ಬೋರ್, ಆರ್‌ಓ

ಕೃಷ್ಣೆ, ತುಂಗಭದ್ರೆ ಎರಡೂ ಪಕ್ಕದಲ್ಲಿದ್ದರೂ ರಾಯಚೂರಿನಲ್ಲಿ ನೀರಿನ ಮಾತು ಸರಳವಲ್ಲ. ನಳದ ನೀರು ದಿನಾ ಬರುವುದಿಲ್ಲ. ಬಂದಾಗ ಸಂಪು, ಡ್ರಮ್ಮು ತುಂಬಿಕೊಳ್ಳುತ್ತೇವೆ. ಬಳಕೆಗೆ ಬೋರ್ ಇರುತ್ತದೆ, ಕುಡಿಯಲು ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಘಟಕದ ಆರ್‌ಓ ನೀರು. ಮೀನಿಗೆ ಇವುಗಳಲ್ಲಿ ಯಾವುದು?

ನಳದ ನೀರಿನ ಕೇಡು ಕ್ಲೋರಿನ್. ಅದು ಕಿವಿರನ್ನು ನೇರವಾಗಿ ಸುಡುತ್ತದೆ. ಬಾಯಿ ತೆರೆದ ಡ್ರಮ್ಮಿನಲ್ಲಿ ಒಂದು ದಿನ ಇಟ್ಟರೆ, ಒಳಗೆ ಒಂದು ಗಾಳಿ ಕಲ್ಲು ಬಿಟ್ಟರೆ ಇನ್ನೂ ಬೇಗ, ಕ್ಲೋರಿನ್ ಹಾರಿಹೋಗುತ್ತದೆ. ಈ ವಿಷಯದಲ್ಲಿ ನಮ್ಮ ನೀರಿನ ಬರವೇ ಉಪಕಾರಿ. ಬೆಂಗಳೂರಿನವರಂತೆ ನಳ ತಿರುಗಿಸಿ ನೇರವಾಗಿ ಟ್ಯಾಂಕಿಗೆ ಬಿಡುವ ಭಾಗ್ಯ ನಮಗಿಲ್ಲ, ನೀರು ಹೇಗೂ ಎರಡು ದಿನ ಡ್ರಮ್ಮಿನಲ್ಲಿ ಕೂತಿರುತ್ತದೆ. ಆದರೆ ಮುಚ್ಚಿದ ಸಂಪಿನಲ್ಲಿ ಕ್ಲೋರಿನ್ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಸಂಪಿಗೆ ನೀವೇ ಬ್ಲೀಚಿಂಗ್ ಪುಡಿ ಹಾಕಿದ್ದರೆ ಆ ವಾರ ಅಲ್ಲಿಯ ನೀರನ್ನು ಮುಟ್ಟಲೇಬೇಡಿ. ತುರ್ತಿದ್ದರೆ ಅಂಗಡಿಯಲ್ಲಿ ಆಂಟಿ-ಕ್ಲೋರಿನ್ ಎಂದು ಸಿಗುವ ಹರಳು ತನ್ನಿ. ಸೋಡಿಯಂ ಥಯೋಸಲ್ಫೇಟ್ ಅಂದರೆ ಅದೇ, ಹಳೇ ಫೋಟೋ ಸ್ಟುಡಿಯೋದವರು ಹೈಪೋ ಅನ್ನುತ್ತಿದ್ದರು. ಒಂದು ಬಕೆಟ್ಟಿಗೆ ಒಂದೆರಡು ಹರಳು ಕರಗಿಸಿದರೆ ಕ್ಷಣದಲ್ಲಿ ಕೆಲಸ ಮುಗಿಯುತ್ತದೆ. ಮಳೆಗಾಲದಲ್ಲಿ ಕೆಂಪು ನೀರು ತಿಳಿಯಾಗಲೆಂದು ಪಟಿಕ ತಿರುಗಿಸಿದ ಡ್ರಮ್ಮಿದ್ದರೆ ಅದರ ನೀರು ಜಡ್ಡಾದ ಮೀನಿಗೆ ಬೇಡ, ಕಿವಿರಿಗೆ ಇನ್ನಷ್ಟು ತೊಂದರೆಯಾದೀತು.

ಬೋರಿನ ನೀರನ್ನು ಎಲ್ಲರೂ ಬೈಯುತ್ತಾರೆ. ಕೊಡಕ್ಕೆ ಬಿಳಿ ಪೊರೆ ಕಟ್ಟುವ ನೀರು ಮೀನಿಗೆ ಹೇಗೆ ಆದೀತು ಅನ್ನುತ್ತಾರೆ. ಗೋಲ್ಡ್‌ಫಿಶ್‌ಗೆ ಗಡಸು ನೀರು ಒಗ್ಗುತ್ತದೆ. ನೀರಿನ ಹುಳಿ–ಕ್ಷಾರ ಹೇಳುವ ಅಳತೆ, ಪಿಎಚ್, ಏಳರಿಂದ ಎಂಟರ ಮೇಲೆ ತುಸು ಹೋದರೂ ಅದು ಬದುಕುತ್ತದೆ. ಬೋರಿನ ನೀರಿನ ನಿಜವಾದ ಕೇಡು ಎರಡು. ಒಂದು, ಹೊಲದ ಗೊಬ್ಬರ ಇಳಿದು ಕೆಲವು ಬೋರುಗಳಲ್ಲಿ ಮೊದಲೇ ನೈಟ್ರೇಟ್ ಇರುತ್ತದೆ. ಎರಡನೆಯದು ಅಮೋನಿಯಾದ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಬೇಸಿಗೆಯಲ್ಲಿ ಸಾಯುವ ಮೀನುಗಳ ಕಥೆ ಹೆಚ್ಚಾಗಿ ಇಲ್ಲೇ ಇದೆ.

ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಅದರಲ್ಲಿ ಒಂದು ಪಾಲು ಮಾತ್ರ ಕಡು ವಿಷ, ಉಳಿದದ್ದು ಅಮೋನಿಯಂ ರೂಪದಲ್ಲಿ ಹೆಚ್ಚು ಕೇಡಿಲ್ಲದೆ ಇರುತ್ತದೆ. ಆ ವಿಷದ ಪಾಲು ಎಷ್ಟೆಂಬುದನ್ನು ಪಿಎಚ್ ಮತ್ತು ಬಿಸಿ ನಿರ್ಧರಿಸುತ್ತವೆ. ಪಿಎಚ್ 7, ನೀರು 20 ಡಿಗ್ರಿ ಇದ್ದರೆ ನೂರಕ್ಕೆ ಅರ್ಧ ಭಾಗದಷ್ಟೂ ಇಲ್ಲ. ಅದೇ ಅಮೋನಿಯಾ, ಪಿಎಚ್ 8.2, ನೀರು 30 ಡಿಗ್ರಿ ಇದ್ದರೆ ನೂರಕ್ಕೆ ಸುಮಾರು 11 ಭಾಗ ವಿಷ. ಊಟಿಯ ಮನೆಯಲ್ಲಿ ನಡೆದುಹೋಗುವ ಕೊಳಕು ರಾಯಚೂರಿನ ಮೇ ತಿಂಗಳಲ್ಲಿ ನಡೆಯುವುದಿಲ್ಲ ಅನ್ನುವುದಕ್ಕೆ ಇದೇ ಕಾರಣ.

ಇದರಿಂದ ಇನ್ನೊಂದು ಅಪಾಯ ಹುಟ್ಟುತ್ತದೆ. ತಿಂಗಳುಗಟ್ಟಲೆ ನೀರು ಬದಲಿಸದ ಟ್ಯಾಂಕಿನಲ್ಲಿ ಪಿಎಚ್ ಮೆಲ್ಲಗೆ ಇಳಿದಿರುತ್ತದೆ, ಅಮೋನಿಯಾ ಇದ್ದರೂ ವಿಷವಾಗದೆ ಅಡಗಿರುತ್ತದೆ. ಮೀನು ಮಂಕಾಗಿದೆ ಎಂದು ಒಮ್ಮೆಲೇ ಮುಕ್ಕಾಲು ನೀರು ತೆಗೆದು ಬೋರಿನ ನೀರು ತುಂಬಿದರೆ ಪಿಎಚ್ ಜಿಗಿದು, ಉಳಿದ ಅಮೋನಿಯಾದಲ್ಲಿ ವಿಷದ ಪಾಲು ಹಲವು ಪಟ್ಟು ಏರುತ್ತದೆ. ‘ಹೊಸ ನೀರು ಹಾಕಿದ ಮ್ಯಾಲೇ ಸತ್ತವು’ ಎಂದು ಜನ ಹೇಳುವುದು ಸುಳ್ಳಲ್ಲ. ಅಂಥ ಟ್ಯಾಂಕಿಗೆ ದಿನಕ್ಕೆ ಐದನೇ ಒಂದು ಭಾಗದಂತೆ ನಾಲ್ಕೈದು ದಿನ ಬದಲಿಸಬೇಕು. ಪ್ರತಿ ವಾರ ನೀರು ಬದಲಿಸುವ ಟ್ಯಾಂಕಿನಲ್ಲಿ ತೊಂದರೆ ಕಂಡರೆ ಅರ್ಧ ನೀರನ್ನು ಒಮ್ಮೆಲೇ ಬದಲಿಸಿದರೂ ಭಯವಿಲ್ಲ.

ಆರ್‌ಓ ನೀರು ಶುದ್ಧ, ಆದರೆ ಅತಿಯಾಗಿ ಶುದ್ಧ. ಪಿಎಚ್ ಹಿಡಿದು ನಿಲ್ಲಿಸುವ ಲವಣ ಅದರಲ್ಲಿಲ್ಲ. ಬರೀ ಆರ್‌ಓ ನೀರಲ್ಲಿ ಮೀನು ಬಿಟ್ಟರೆ ಪಿಎಚ್ ಒಂದು ದಿನ ಧೊಪ್ಪನೆ ಬೀಳುತ್ತದೆ. ಹಾಗಂತ ಅದು ಕೆಲಸಕ್ಕೆ ಬಾರದ್ದಲ್ಲ. ಬೇಸಿಗೆಯಲ್ಲಿ ಆವಿಯಾಗಿ ಇಳಿದ ನೀರನ್ನು ತುಂಬಲು ಆರ್‌ಓ ನೀರೇ ಸರಿ. ಆವಿಯಾಗುವುದು ನೀರು ಮಾತ್ರ, ಲವಣ ಕೆಳಗೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಬೋರಿನ ನೀರು ಸುರಿಯುತ್ತ ಹೋದರೆ ಟ್ಯಾಂಕು ವಾರವಾರ ಗಡಸಾಗುತ್ತದೆ. ಕೊಳಕು ತೆಗೆಯಲು ಮಾಡುವ ಬದಲಾವಣೆಗೆ ನಿಂತ ನಳದ ನೀರು ಮೊದಲ ಆಯ್ಕೆ. ಅದಿಲ್ಲದಿದ್ದರೆ ಬೋರ್ ಅರ್ಧ, ಆರ್‌ಓ ಅರ್ಧ.

ಯಾವ ನೀರಾದರೂ ಮೇ ತಿಂಗಳ ಮಧ್ಯಾಹ್ನ ಸಿಂಟೆಕ್ಸಿನಿಂದ ಬಿಟ್ಟುಕೊಳ್ಳಬೇಡಿ. ಕೈ ಸುಡುವ ನೀರದು. ನೀರು ಬದಲಿಸುವ ಕೆಲಸ ಬೆಳಗ್ಗೆ ಆರಕ್ಕೆ.

ತಂಪು ಮಾಡುವುದು: ಫ್ಯಾನೋ, ಐಸ್ ಬಾಟಲಿಯೋ?

ಗೋಲ್ಡ್‌ಫಿಶ್ ತಣ್ಣೀರಿನ ಮೀನು. 18ರಿಂದ 23 ಡಿಗ್ರಿ ಅದಕ್ಕೆ ಹಿತ. ಅಷ್ಟು ತಂಪು ನಮಗೆ ಡಿಸೆಂಬರಿನಲ್ಲಿ ಮಾತ್ರ ಸಿಗುತ್ತದೆ. 30 ಡಿಗ್ರಿಯಲ್ಲೂ ಅದು ಬದುಕುತ್ತದೆ, ಆದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ 9 ಮಿಲಿಗ್ರಾಂ, 30ರಲ್ಲಿ ಏಳೂವರೆ. ಬಿಸಿಗೆ ಮೀನಿನ ಉಸಿರಾಟ ಮಾತ್ರ ಹೆಚ್ಚುತ್ತದೆ. ಆದಾಯ ಇಳಿದು ಖರ್ಚು ಏರಿದ ಹೊತ್ತಿನಲ್ಲಿ ಜಡ್ಡೂ ಬಂದರೆ ತಡೆದುಕೊಳ್ಳುವುದು ಕಷ್ಟ.

ಐಸ್ ಕಟ್ಟಿದ ಬಾಟಲಿ ತೇಲಿಬಿಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ನನಗೆ ಅದು ಕೊನೆಯದು. ನೀರು ಅರ್ಧ ಗಂಟೆಯಲ್ಲಿ ನಾಲ್ಕು ಡಿಗ್ರಿ ಇಳಿದು, ಐಸ್ ಕರಗಿದ ಮೇಲೆ ಮತ್ತೆ ಏರುತ್ತದೆ. ಈ ಏರಿಳಿತವೇ ಬಿಳಿ ಚುಕ್ಕೆಗೆ ದಾರಿ. ಟ್ಯಾಂಕಿನ ಗಾಜಿನ ಮುಚ್ಚಳ ತೆಗೆದು, ಮೀನು ಹಾರದಂತೆ ಸೊಳ್ಳೆ ಪರದೆಯ ತುಂಡು ಕಟ್ಟಿ, ನೀರಿನ ಮೇಲೆ ಓರೆಯಾಗಿ ಟೇಬಲ್ ಫ್ಯಾನು ಬೀಸಿಸುವುದು ಅದಕ್ಕಿಂತ ಒಳ್ಳೆಯದು. ನಮ್ಮ ಬೇಸಿಗೆ ಒಣ ಬೇಸಿಗೆ. ನೀರು ಚೆನ್ನಾಗಿ ಆವಿಯಾಗುವುದರಿಂದ ಎರಡು ಮೂರು ಡಿಗ್ರಿ ಇಳಿದು ಅಲ್ಲೇ ನಿಲ್ಲುತ್ತದೆ. ಕೂಲರ್ ಇರುವ ಕೋಣೆಯಾದರೆ ಇನ್ನೂ ಹಿತ. ಮಂಗಳೂರಿನವರಿಗೆ ಈ ಉಪಾಯ ಇಷ್ಟು ಫಲಿಸದು, ಅಲ್ಲಿಯ ಗಾಳಿಯಲ್ಲೇ ನೀರಿದೆ. ಜುಲೈ ಕಳೆದ ಮೇಲೆ ನಮಗೂ ಇದರ ಉಪಯೋಗ ಕಡಿಮೆ. ಯಂತ್ರದ ಚಿಲ್ಲರ್ ಸಿಗುತ್ತದೆ, ಆದರೆ ಎರಡು ಮೀನಿಗೆ ಅಷ್ಟು ದುಡ್ಡು ಸುರಿಯುವ ಬದಲು ಟ್ಯಾಂಕನ್ನು ಪಡುವಣ ಕಿಟಕಿಯಿಂದ ಒಳಗೋಡೆಗೆ ಸರಿಸಿ.

ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ಹತ್ತಿರವಿದ್ದರೂ ಕರೆಂಟು ಹೋಗುವುದು ಹೋಗುತ್ತದೆ. ಪವರ್ ಬ್ಯಾಂಕಿಗೆ ಸಿಕ್ಕಿಸುವ ಸಣ್ಣ ಗಾಳಿ ಪಂಪೊಂದು ಮನೆಯಲ್ಲಿರಲಿ. ಮದ್ದಿನ ಎಲ್ಲ ಬಾಟಲಿಗಿಂತ ಇದಕ್ಕೆ ಹಾಕಿದ ದುಡ್ಡು ಹೆಚ್ಚು ಮೀನು ಉಳಿಸುತ್ತದೆ. ಡಬ್ಬಿ ಫಿಲ್ಟರ್ ಇದ್ದು, ಬಿಸಿಲ ಹೊತ್ತಲ್ಲಿ ಗಂಟೆಗಟ್ಟಲೆ ನಿಂತಿದ್ದರೆ ಅಮೋನಿಯಾವನ್ನು ತಿಂದು ಕಳೆಯುವ ಒಳಗಿನ ಒಳ್ಳೆಯ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸತ್ತಿರುತ್ತವೆ. ಕರೆಂಟು ಬಂದ ಕೂಡಲೇ ಆ ಕೊಳೆತ ನೀರನ್ನು ಟ್ಯಾಂಕಿಗೆ ಬಿಡದೆ ಚೆಲ್ಲಿ, ಸ್ಪಂಜನ್ನು ಟ್ಯಾಂಕಿನ ನೀರಲ್ಲೇ ಹಿಂಡಿ ಹಾಕಬೇಕು. ನಳದ ಕೆಳಗೆ ತೊಳೆದರೆ ಉಳಿದ ಬ್ಯಾಕ್ಟೀರಿಯಾವೂ ಹೋಗುತ್ತವೆ.

ಅದೇ ಟ್ಯಾಂಕೋ, ಬೇರೆ ಟಬ್ಬೋ?

ಬಿಳಿ ಚುಕ್ಕೆಯಾದರೆ ಇಡೀ ಟ್ಯಾಂಕಿಗೆ ಚಿಕಿತ್ಸೆ. ಪರೋಪಜೀವಿ ನೀರಲ್ಲೂ ತಳದ ಕಲ್ಲಲ್ಲೂ ಇರುವುದರಿಂದ ಒಂದು ಮೀನನ್ನು ಎತ್ತಿಟ್ಟು ಪ್ರಯೋಜನವಿಲ್ಲ. ಗಾಯ, ಬೂಜು, ರೆಕ್ಕೆ ಕೊಳೆತ, ಹೊಟ್ಟೆ ಉಬ್ಬರ, ಅಥವಾ ಉಳಿದವು ಕಚ್ಚಿ ಪೀಡಿಸುವ ಮೀನಾದರೆ ಬೇರೆ ಟಬ್ಬು. ಸೋಪು ಕಾಣದ 40 ಲೀಟರಿನ ಪ್ಲಾಸ್ಟಿಕ್ ಟಬ್ಬು ಸಾಕು. ತಳಕ್ಕೆ ಕಲ್ಲು ಬೇಡ. ಟ್ಯಾಂಕಿನದೇ ನೀರು ಅರ್ಧ ತುಂಬಿ, ಟ್ಯಾಂಕಿನ ಸ್ಪಂಜ್ ಫಿಲ್ಟರನ್ನೋ ಅದರ ಒಂದು ತುಂಡನ್ನೋ ಅದರೊಳಗಿಡಿ. ಹಾಗಿದ್ದರೂ ಹೊಸ ಟಬ್ಬಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಸಾಕಷ್ಟು ಇರದ ಕಾರಣ ದಿನಾ ಮೂರನೇ ಒಂದು ಭಾಗ ನೀರು ಬದಲಿಸಲೇಬೇಕು. ದಿನಾ ಬದಲಿಸಲು ಆಗದವರಿಗೆ ಟಬ್ಬಿಗಿಂತ ಹಳೆಯ ಟ್ಯಾಂಕೇ ವಾಸಿ.

ಗುಂಡು ಗಾಜಿನ ಬೋಗುಣಿಯನ್ನು ‘ಆಸ್ಪತ್ರೆ’ ಮಾಡುವುದು ಬೇಡ. ಬಾಯಿ ಕಿರಿದು, ಗಾಳಿ ತಾಗುವ ಮೈ ಕಡಿಮೆ.

ಉಪ್ಪು, ನೀಲಿ ಮದ್ದು, ಉಳಿದವು

ಉಪ್ಪನ್ನು ಅಜ್ಜಿ ಮದ್ದೆಂದು ತಳ್ಳಿಹಾಕುವವರಿದ್ದಾರೆ. ಆದರೆ ಅದರ ಕೆಲಸ ಸ್ಪಷ್ಟವಾಗಿ ತಿಳಿದದ್ದು. ಸಿಹಿನೀರಿನ ಮೀನಿನ ಮೈಯೊಳಗೆ ಹೊರಗಿಗಿಂತ ಲವಣ ಹೆಚ್ಚು, ಹಾಗಾಗಿ ನೀರು ಕಿವಿರಿನಿಂದ ಒಳಗೆ ನುಗ್ಗುತ್ತಲೇ ಇರುತ್ತದೆ. ಮೂತ್ರಪಿಂಡ ಅದನ್ನು ಹೊರಹಾಕುತ್ತಲೇ ಇರಬೇಕು. ಹೊರಗಿನ ನೀರಿಗೆ ತುಸು ಉಪ್ಪು ಸೇರಿದರೆ ಆ ದುಡಿಮೆ ಕಡಿಮೆಯಾಗಿ, ಉಳಿದ ಶಕ್ತಿ ವಾಸಿಯಾಗುವುದಕ್ಕೆ ಸಿಗುತ್ತದೆ. ಬ್ಯಾಕ್ಟೀರಿಯಾ ಅಮೋನಿಯಾ ತಿಂದಾಗ ಹುಟ್ಟುವ ನೈಟ್ರೈಟ್ ಎಂಬ ಇನ್ನೊಂದು ವಿಷ ಏರಿದಾಗ ಉಪ್ಪಿನ ಕ್ಲೋರೈಡ್ ಅದನ್ನು ಕಿವಿರಿನಲ್ಲೇ ತಡೆಯುತ್ತದೆ. ಮೇಲಾಗಿ ಬಿಳಿ ಚುಕ್ಕೆಯಂಥ ಎಷ್ಟೋ ಪರೋಪಜೀವಿಗಳಿಗೆ ಅದು ಆಗಿಬರುವುದಿಲ್ಲ.

ಅಳತೆಯೇ ಇಲ್ಲಿ ಎಲ್ಲ. ಬರೀ ದಣಿವಿಗೆ, ನೈಟ್ರೈಟಿಗೆ ಲೀಟರಿಗೆ 1 ಗ್ರಾಂ. ಚಿಕಿತ್ಸೆಗೆ ಲೀಟರಿಗೆ 3 ಗ್ರಾಂ, ಅಂದರೆ 20 ಲೀಟರಿನ ಬಕೆಟ್ಟಿಗೆ 60 ಗ್ರಾಂ. ಅದನ್ನು ಒಮ್ಮೆಲೇ ಹಾಕದೆ ಮೂರು ಪಾಲು ಮಾಡಿ, ಬೇರೆ ನೀರಲ್ಲಿ ಕರಗಿಸಿ, ಹನ್ನೆರಡು ಗಂಟೆಗೊಂದರಂತೆ ಸೇರಿಸಿ. ಚಮಚದ ಲೆಕ್ಕ ನಂಬಬೇಡಿ, ಕಲ್ಲುಪ್ಪಿನ ಚಮಚಕ್ಕೂ ಪುಡಿಯುಪ್ಪಿನ ಚಮಚಕ್ಕೂ ತೂಕ ಬೇರೆ. ಕಿರಾಣಿ ಅಂಗಡಿಯಲ್ಲೇ ತೂಗಿಸಿ ಪೊಟ್ಟಣ ಕಟ್ಟಿಸಿಕೊಳ್ಳಿ. ಉಪ್ಪು ಆವಿಯಾಗುವುದಿಲ್ಲ. ಆದ್ದರಿಂದ ಆವಿಯಾದ ನೀರು ತುಂಬಿದಾಗ ಉಪ್ಪು ಮತ್ತೆ ಹಾಕಬಾರದು, ನೀರು ತೆಗೆದು ಬದಲಿಸಿದಾಗ ತೆಗೆದಷ್ಟಕ್ಕೆ ಮಾತ್ರ ಹಾಕಬೇಕು. ಹತ್ತು–ಹದಿನಾಲ್ಕು ದಿನ ಸಾಕು. ಸುಮ್ಮನೆ ವರ್ಷವಿಡೀ ಉಪ್ಪು ಹಾಕಿಟ್ಟರೆ ಲಾಭವಿಲ್ಲ. ಟ್ಯಾಂಕಿನಲ್ಲಿ ಗಿಡವಿದ್ದರೆ ಅದು ಸಾಯುತ್ತದೆ, ಹೊರಗೆ ತೆಗೆದಿಡಿ. ನಿಮ್ಮ ಬೋರಿನ ನೀರು ನಾಲಿಗೆಗೇ ಉಪ್ಪೆನಿಸುವಂತಿದ್ದರೆ ಉಪ್ಪಿನ ಚಿಕಿತ್ಸೆಯನ್ನು ಆರ್‌ಓ ಬೆರೆಸಿದ ನೀರಲ್ಲಿ ಮಾಡಿ.

ಬಿಳಿ ಚುಕ್ಕೆಯ ಮಾತು ಬಂದಾಗ ಗೊತ್ತಿರಬೇಕಾದದ್ದು ಒಂದಿದೆ. ಮೀನಿನ ಚರ್ಮದೊಳಗಿರುವ ಪರೋಪಜೀವಿಗೆ ಉಪ್ಪೂ ತಾಗದು, ಮದ್ದೂ ತಾಗದು. ಅದು ಬಲಿತು ಉದುರಿ, ಒಡೆದು, ನೂರಾರು ಮರಿಯಾಗಿ ನೀರಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ಹಾಗಾಗಿ ಚುಕ್ಕೆ ಮಾಯವಾದ ದಿನವೇ ನಿಲ್ಲಿಸಿದರೆ ವಾರದೊಳಗೆ ಮತ್ತೆ ಬರುತ್ತದೆ. ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಮುಂದುವರಿಸಿ. ಹೊರದೇಶದ ವಿಡಿಯೋಗಳಲ್ಲಿ ‘ಹೀಟರ್ ಹಾಕಿ ನೀರನ್ನು 30ಕ್ಕೆ ಏರಿಸಿ’ ಅನ್ನುತ್ತಾರೆ. ಅವರದು ಚಳಿ ದೇಶ. ನಮ್ಮಲ್ಲಿ ಬೇಸಿಗೆಯಲ್ಲಿ ನೀರು ತಾನೇ ಅಲ್ಲಿರುತ್ತದೆ, ಈ ರೋಗ ಕಾಡುವುದೂ ಹೆಚ್ಚಾಗಿ ರಾತ್ರಿ ಹಗಲಿನ ಅಂತರ ದೊಡ್ಡದಾಗುವ ಚಳಿಗಾಲದಲ್ಲಿ, ಇಲ್ಲವೇ ಹೊಸ ಮೀನು ತಂದ ವಾರ.

ನೀಲಿ ಮದ್ದು ಅಂದರೆ ಮೆಥಿಲೀನ್ ಬ್ಲೂ. ಅಂಗಡಿಯಲ್ಲಿ ಎಲ್ಲಕ್ಕೂ ಇದನ್ನೇ ಕೊಡುತ್ತಾರೆ. ಮೊಟ್ಟೆಗೆ, ಮೈಮೇಲೆ ಏಳುವ ಬಿಳಿ ಎಳೆಯ ಬೂಜಿಗೆ, ನೈಟ್ರೈಟಿನಿಂದ ಉಸಿರು ಕಟ್ಟಿದ ಮೀನಿಗೆ ಇದು ನಿಜವಾಗಿ ಒಳ್ಳೆಯದು. ಆದರೆ ಟ್ಯಾಂಕಿಗೆ ಸುರಿದರೆ ಫಿಲ್ಟರಿನ ಬ್ಯಾಕ್ಟೀರಿಯಾ ಸತ್ತು, ನಾಲ್ಕನೇ ದಿನ ಅಮೋನಿಯಾ ಏರುತ್ತದೆ. ಆಗ ‘ಮದ್ದು ಸಾಲಲಿಲ್ಲ’ ಎಂದು ಇನ್ನೊಂದು ಮುಚ್ಚಳ ಹಾಕುತ್ತಾರೆ! ಗಾಜಿನ ಅಂಟು, ಕೈ, ಬಟ್ಟೆ ಎಲ್ಲ ನೀಲಿಯಾಗುವುದು ಬೇರೆ. ಇದನ್ನು ಬೇರೆ ಟಬ್ಬಿನಲ್ಲಿ ಮಾತ್ರ, ಬಾಟಲಿಯ ಮೇಲಿನ ಅಳತೆಯಲ್ಲಿ ಬಳಸಿ. ಫಿಲ್ಟರಿನಲ್ಲಿ ಇದ್ದಿಲಿದ್ದರೆ ತೆಗೆದಿಡಿ, ಅದು ಮದ್ದನ್ನು ಹೀರಿಬಿಡುತ್ತದೆ. ಚಿಕಿತ್ಸೆ ಮುಗಿದ ಮೇಲೆ ಉಳಿದ ಬಣ್ಣ ತೆಗೆಯಲು ಅದೇ ಇದ್ದಿಲು ಬೇಕು.

ಬಾಯಿಯ ಸುತ್ತ, ಬೆನ್ನ ಮೇಲೆ ಬೂದಿ ಬಣ್ಣದ ಪದರ ಕಟ್ಟಿ, ಒಂದೆರಡು ದಿನದಲ್ಲೇ ಹರಡುತ್ತಿದ್ದರೆ ಅದು ಬೂಜಲ್ಲ, ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಬೂಜು ತಣ್ಣೀರಲ್ಲಿ ಜಾಸ್ತಿ, ಇದು ಬಿಸಿನೀರಲ್ಲಿ ಜೋರು. ಬೇಸಿಗೆಯಲ್ಲಿ ಕಂಡರೆ ಇದನ್ನೇ ಮೊದಲು ಅನುಮಾನಿಸಿ. ನೀಲಿ ಮದ್ದಿಗೆ ಕಾಯುತ್ತ ಕೂರದೆ ಉಪ್ಪು, ಫ್ಯಾನು, ಗಾಳಿ ಒಟ್ಟಿಗೆ ಶುರು ಮಾಡಿ ಪಶುವೈದ್ಯರನ್ನು ಕೇಳಿ.

ಹಳದಿ ಪುಡಿ, ಕ್ಯಾಪ್ಸೂಲ್ ಬಿಚ್ಚಿ ಸುರಿಯುವ ಟೆಟ್ರಾಸೈಕ್ಲಿನ್ ಬಗ್ಗೆ ನನಗೆ ಸಿಟ್ಟಿದೆ. ಮನುಷ್ಯರ ಆಂಟಿಬಯೋಟಿಕ್ಕನ್ನು ಚೀಟಿಯಿಲ್ಲದೆ ತಂದು ಮೀನಿಗೆ ಹಾಕುವುದೇ ತಪ್ಪು. ಅದರ ಮೇಲೆ ನಮ್ಮ ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಟೆಟ್ರಾಸೈಕ್ಲಿನ್ ಜಾತಿಯ ಮದ್ದನ್ನು ಕಟ್ಟಿಹಾಕುತ್ತವೆ. ಗಡಸು ಬೋರಿನ ನೀರಲ್ಲಿ ಅದು ಮೀನಿನೊಳಗೆ ಹೋಗುವುದೇ ಕಷ್ಟ. ಫಿಲ್ಟರ್ ಮಾತ್ರ ಕೆಡುತ್ತದೆ. ಆಂಟಿಬಯೋಟಿಕ್ ಬೇಕೇ ಬೇಕಾದರೆ ವೈದ್ಯರು ಹೇಳಿದ್ದನ್ನು ಆಹಾರದಲ್ಲಿ ಬೆರೆಸಿ ಕೊಡುವುದು ಫಲಿಸುವ ದಾರಿ, ಮೀನು ತಿನ್ನುತ್ತಿದ್ದರೆ. ಪೊಟ್ಯಾಷಿಯಂ ಪರ್ಮಾಂಗನೇಟ್ ಪರೋಪಜೀವಿಗೆ ಪರಿಣಾಮಕಾರಿ, ಆದರೆ ಅಳತೆ ತುಸು ತಪ್ಪಿದರೆ ಕಿವಿರು ಸುಡುತ್ತದೆ. ಮಿಲಿಗ್ರಾಂ ತೂಗುವ ತಕ್ಕಡಿ ಇಲ್ಲದವರು ಮುಟ್ಟಬಾರದು. ಮ್ಯಾಲಕೈಟ್ ಗ್ರೀನ್ ಇರುವ ಹಸಿರು ಮದ್ದು ನಮಗೇ ಒಳ್ಳೆಯದಲ್ಲ, ಕೈಗವಸು ಬೇಕು, ಮಕ್ಕಳಿರುವ ಮನೆಗೆ ನಾನು ಹೇಳುವುದಿಲ್ಲ.

ಮೈಗೆ ದಾರದ ತುಂಡಿನಂಥದ್ದು ಅಂಟಿಕೊಂಡಿದ್ದರೆ ಅದು ಲಂಗರು ಹುಳ. ಒದ್ದೆ ಬಟ್ಟೆಯಲ್ಲಿ ಮೀನು ಹಿಡಿದು, ಚಿಮುಟದಲ್ಲಿ ಬುಡದಿಂದ ಕಿತ್ತು, ಮೀನನ್ನು ಉಪ್ಪಿನ ಟಬ್ಬಿಗೆ ಬಿಡಿ. ಚುಕ್ಕೆಯೂ ಇಲ್ಲ, ಗಾಯವೂ ಇಲ್ಲ, ನೀರೂ ಸರಿಯಿದೆ, ಆದರೂ ಮೈ ಉಜ್ಜುತ್ತದೆ, ಒಂದು ಕಿವಿರು ಮುಚ್ಚಿಕೊಂಡಿದೆ ಎಂದರೆ ಕಿವಿರಿನ ಹುಳವಿರಬಹುದು. ಉಪ್ಪು ಅದಕ್ಕೆ ಬಹಳ ಸಲ ಸಾಲದು. ಪ್ರಾಜಿಕ್ವಾಂಟೆಲ್ ಎಂಬ ಜಂತಿನ ಮದ್ದು ಬೇಕು, ವೈದ್ಯರ ಅಳತೆಯಲ್ಲಿ.

ಉಲ್ಟಾ ತೇಲುವ ಮೀನು

ಗುಂಡು ಮೈಯ ಓರಾಂಡಾ, ರ್‍ಯೂಕಿನ್‌ಗಳಿಗೆ ಇದು ಸಾಮಾನ್ಯ. ಗೋಲ್ಡ್‌ಫಿಶ್‌ಗೆ ಜಠರವಿಲ್ಲ, ತಿಂದದ್ದು ನೇರ ಕರುಳಿಗೆ. ಒಣ ಕಾಳು ನುಂಗಿ ಅದು ಒಳಗೆ ಉಬ್ಬಿದರೆ ಗಾಳಿಚೀಲ ಒತ್ತಿಹೋಗಿ ಹೊಟ್ಟೆ ಮೇಲಾಗುತ್ತದೆ. ಇಲ್ಲಿ ಮದ್ದಿಗಿಂತ ಉಪವಾಸ ಮೇಲು. ಎರಡು ಮೂರು ದಿನ ಏನೂ ಹಾಕಬೇಡಿ. ಮನೆಯ ಹಿರಿಯರು ‘ಪಾಪ, ಹಸಿದದ’ ಎಂದು ಚಿಟಿಕೆ ಹಾಕುವುದನ್ನು ತಡೆಯುವುದೇ ಚಿಕಿತ್ಸೆಯ ಕಷ್ಟದ ಭಾಗ. ಆಮೇಲೆ ಬೇಯಿಸಿ ಸಿಪ್ಪೆ ತೆಗೆದ ಹಸಿ ಬಟಾಣಿಯ ಒಂದು ಚೂರು. ಮುಂದಕ್ಕೆ ತೇಲುವ ಕಾಳಿನ ಬದಲು ಮುಳುಗುವ ಕಾಳು, ಅದೂ ಐದು ನಿಮಿಷ ನೆನೆಸಿ. ವಾರ ಕಳೆದರೂ ನೆಟ್ಟಗಾಗದಿದ್ದರೆ ತೊಂದರೆ ಹೊಟ್ಟೆಯದಲ್ಲ.

ಯಾರನ್ನು ಕೇಳುವುದು, ಎಲ್ಲಿಗೆ ನಿಲ್ಲಿಸುವುದು

ಜಿಲ್ಲಾ ಪಶು ಆಸ್ಪತ್ರೆಗೆ ಮೀನು ಒಯ್ದರೆ ಸಾಲಿನಲ್ಲಿರುವ ಎಮ್ಮೆಯವರು ನಗುತ್ತಾರೆ, ನಗಲಿ. ಅಲ್ಲಿಯ ವೈದ್ಯರಿಗೆ ಮೀನಿನ ಅಭ್ಯಾಸ ಕಡಿಮೆ ಇರಬಹುದು, ಆದರೆ ಮದ್ದಿನ ಅಳತೆ, ಚೀಟಿ ಅವರಿಂದಲೇ ಸಿಗಬೇಕು. ಮೀನುಗಾರಿಕೆ ಇಲಾಖೆಯ ಕಚೇರಿಯವರಿಗೆ ಕಾಟ್ಲಾ, ರೋಹು ಮುಖ್ಯ. ಆದರೂ ಗೋಲ್ಡ್‌ಫಿಶ್ ಸಹ ಅದೇ ಕೆಂಡೆ ಜಾತಿಯದು, ಹುಳ, ಹೇನು, ನೀರಿನ ದೋಷದ ಬಗ್ಗೆ ಅವರ ಮಾತು ಅಂಗಡಿಯವರ ಮಾತಿಗಿಂತ ಗಟ್ಟಿ. ಹೋಗುವಾಗ ಮೀನಿಗಿಂತ ಮುಖ್ಯವಾದದ್ದು ಅದರ ವಿಡಿಯೋ ಮತ್ತು ಒಂದು ಬಾಟಲಿ ಟ್ಯಾಂಕಿನ ನೀರು. ಮೀನನ್ನು ಬಿಸಿಲಲ್ಲಿ ಆಟೋದಲ್ಲಿ ಒಯ್ಯುವುದೇ ಅದಕ್ಕೆ ಇನ್ನೊಂದು ಜಡ್ಡು.

ಹೊಟ್ಟೆ ಊದಿ, ಮೈಯ ಹುರುಪೆಗಳೆಲ್ಲ ಎದ್ದು ನಿಂತರೆ ಮೂತ್ರಪಿಂಡ ಸೋತಿದೆ ಎಂದರ್ಥ. ಆ ಹಂತದಿಂದ ಮರಳಿದ ಮೀನು ಅಪರೂಪ. ಒಂದು ವಾರ ತಿನ್ನದೆ, ತಳದಲ್ಲಿ ಒರಗಿ ಬಿದ್ದ ಮೀನಿಗೆ ಇನ್ನೂ ಒಂದು ಬಾಟಲಿ ಹಾಕುವುದು ನಮ್ಮ ಸಮಾಧಾನಕ್ಕೆ ಮಾತ್ರ. ಅಂಥ ಹೊತ್ತಲ್ಲಿ ಜನ ಮೂರು ದಾರಿ ಹಿಡಿಯುತ್ತಾರೆ. ಕಕ್ಕಸಿಗೆ ಹಾಕಿ ನೀರು ಬಿಡುವುದು ಕ್ರೂರ. ಮಾವಿನಕೆರೆಗೋ ಎಡದಂಡೆ ಕಾಲುವೆಗೋ ಬಿಡುವುದು ಪುಣ್ಯವೆಂದು ತೋರಬಹುದು, ಆದರೆ ಮೀನಿನ ಜೊತೆ ರೋಗವನ್ನೂ ಊರ ನೀರಿಗೆ ಬಿಟ್ಟಂತಾಗುತ್ತದೆ. ಮೂರನೆಯದು ಹಲ್ಲುನೋವಿಗೆ ಹಚ್ಚುವ ಲವಂಗದ ಎಣ್ಣೆ, ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಲೀಟರ್ ನೀರಿಗೆ ಹತ್ತು ಹನಿಯಂತೆ, ಮೊದಲು ಮುಚ್ಚಳವಿರುವ ಸೀಸೆಯಲ್ಲಿ ಉಗುರುಬೆಚ್ಚಗಿನ ನೀರಿನ ಜೊತೆ ಚೆನ್ನಾಗಿ ಕುಲುಕಿ, ಟ್ಯಾಂಕಿನ ನೀರಿರುವ ಪಾತ್ರೆಗೆ ಸೇರಿಸಿ ಮೀನನ್ನು ಬಿಡಬೇಕು. ಅದು ಮೊದಲು ಮಂಪರಿಗೆ ಹೋಗುತ್ತದೆ. ಕಿವಿರಿನ ಚಲನೆ ಪೂರ್ತಿ ನಿಂತ ಮೇಲೂ ಅರ್ಧ ಗಂಟೆ ಅಲ್ಲೇ ಇರಲಿ, ಬೇಗ ತೆಗೆದರೆ ಎಚ್ಚರಾದೀತು. ವೈದ್ಯರು ಒಪ್ಪಿ ಮಾಡಿಕೊಟ್ಟರೆ ಅದು ಇನ್ನೂ ಒಳ್ಳೆಯದು.

ಮುಂದಿನ ಮೀನು ತರುವ ಮೊದಲು

ವಾಸ್ತುವಿನ ಹೆಸರಲ್ಲಿ ಎಂಟು ಬಂಗಾರದ್ದು, ಒಂದು ಕರಿದು ಎಂದು ಒಂಬತ್ತು ಮೀನು ಕೊಡುತ್ತಾರೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿಗೆ ಹಿಡಿಯುವುದು 55 ಲೀಟರಿನಷ್ಟು ನೀರು. ಒಂದು ಗೋಲ್ಡ್‌ಫಿಶ್‌ಗೇ ಅದು ಇಕ್ಕಟ್ಟು. ಚೆನ್ನಾಗಿ ನೋಡಿಕೊಂಡರೆ ಈ ಮೀನು ಹತ್ತು ಹದಿನೈದು ವರ್ಷ ಬದುಕುತ್ತದೆ. ಇಂಗ್ಲೆಂಡಿನ ಟಿಶ್ ಎಂಬ ಗೋಲ್ಡ್‌ಫಿಶ್ 1956ರಲ್ಲಿ ಜಾತ್ರೆಯಲ್ಲಿ ಬಹುಮಾನವಾಗಿ ಸಿಕ್ಕದ್ದು, 43 ವರ್ಷ ಬದುಕಿ 1999ರಲ್ಲಿ ಸತ್ತಿತು. ಒಂಬತ್ತು ತರುವ ಬದಲು ಎರಡು ತಂದು, ನೂರೈವತ್ತು ಲೀಟರಿನ ಟ್ಯಾಂಕು ಕೊಡಿ.

ಯಾವ ಜಾತಿ ಎಂದರೆ, ನಮ್ಮ ಬಿಸಿಲಿಗೆ ಉದ್ದ ಮೈಯ ಕಾಮೆಟ್, ಸಾದಾ ಗೋಲ್ಡ್‌ಫಿಶ್ ಗಟ್ಟಿ, ಆದರೆ ಬೆಳೆದಂತೆ ಜಾಗ ಹೆಚ್ಚು ಕೇಳುತ್ತವೆ. ಕಣ್ಣಿನ ಕೆಳಗೆ ಗುಳ್ಳೆಯಿರುವವು, ತಲೆಯ ಮೇಲೆ ಮುದ್ದೆ ಬೆಳೆಯುವ ಓರಾಂಡಾ, ಬೆನ್ನ ರೆಕ್ಕೆಯಿಲ್ಲದ ರಾಂಚು ನೋಡಲು ಚೆಂದ, ಸಾಕಲು ಸೂಕ್ಷ್ಮ. ಇವನ್ನೇ ಬೇಕೆಂದರೆ ಜೂನ್ ಕಳೆದ ಮೇಲೆ ತನ್ನಿ. ಯಾವುದನ್ನು ತಂದರೂ ಮೂರು ವಾರ ಅದೇ 40 ಲೀಟರಿನ ಟಬ್ಬಿನಲ್ಲಿ ಬೇರೆ ಇಡಿ. ಹಳೇ ಮೀನು ಸತ್ತ ಟಬ್ಬು ಮತ್ತು ಜಾಳಿಗೆಯನ್ನು ಅದಕ್ಕೆ ಮೊದಲು ಬ್ಲೀಚಿಂಗ್ ನೀರಲ್ಲಿ ತೊಳೆದು, ಎರಡು ದಿನ ಮಾಳಿಗೆಯ ಮೇಲೆ ಬಿಸಿಲಿಗೆ ಒಣಹಾಕಿ.